ಯಾವ ಫೋಟೋ ಸುಳ್ಳು?

ಹೋದ ವಾರ ಸೂಪರ್ ಮಾರ್ಕೆಟ್‌ನಾಗ ಮೆಂತಿಪಲ್ಯ ತಗೊಳ್ಳಲಾಕತ್ತಿದ್ದೆ. ನಮ್ಮ ಓಣಿಯ ವೈನಿ ಸಿಕ್ಕರು. ಮಗಳು ತೆಗೆದ ಫೋಟೋ ಮೊಬೈಲ್‌ನಾಗ ತೋರಿಸಿದೆ. ಕರಿ ಆಕಾಶದಾಗ ಗುಲಾಬಿಗೆಂಪು ಮೋಡದಂಥದ್ದು. ಅದಕ್ಕ ಒರಾಯನ್ ನೆಬ್ಯುಲಾ ಅಂತಾರ. "ಕಂಪ್ಯೂಟರ್‌ನಾಗ ಬಣ್ಣ ಹಚ್ಯಾಳ ಬಿಡ್ರಿ, ಎಲ್ಲಾ ಸುಳ್ಳು" ಅಂದರು. ಮನಸ್ಸಿಗಿ ಚುಚ್ಚಿತು. ಅದಕ್ಕ ಇದು ಬರಿಲಾಕತ್ತೀನಿ.

ಎಳ್ಳ ಅಮಾಸಿಗಿ ಕಮಲಾಪುರದಾಗ ನಮ್ಮಣ್ಣನ ಹೊಲಕ್ಕ ಹೋಗಿದ್ದೆವು. ಚರಗ ಚೆಲ್ಲಿ, ಭಜ್ಜಿ-ಕಡಬು ಉಂಡು, ರಾತ್ರಿ ಅಲ್ಲೇ ಉಳಿದೆವು. ಚಂದ್ರ ಇಲ್ಲ, ಕಲಬುರಗಿಯಂಗ ಬೀದಿದೀಪದ ಬೆಳಕೂ ಇಲ್ಲ. ಆಕಾಶದಾಗ ಸಾಲಾಗಿ ಮೂರು ಚುಕ್ಕಿ ಇರತಾವಲ್ಲ, ಅವುಗಳ ಕೆಳಗ ಒಂದು ಮಸುಕು ಕಲೆ ಅದ. ಸುಮಾರು 1,300 ಜ್ಯೋತಿರ್ವರ್ಷ ದೂರದ, ಹೊಸ ನಕ್ಷತ್ರ ಹುಟ್ಟೂ ಜಾಗ ಅದು. ಮಗಳು ಹಳೇ ಕ್ಯಾಮೆರಾ ಸ್ಟ್ಯಾಂಡಿಗಿ ಹಾಕಿ ಅದರ ಕಡೆ ತಿರುಗಿಸಿದಳು. ಭೂಮಿ ತಿರುಗತದ, ಭಾಳ ಹೊತ್ತಿನ ಒಂದೇ ಫೋಟೋ ತೆಗೆದರ ಚುಕ್ಕಿ ಗೆರಿ ಆಗತಾವ. ಅದಕ್ಕ 4 ಸೆಕೆಂಡಿನವು 300 ಫೋಟೋ ತೆಗೆದಳು. ಒಟ್ಟು 20 ನಿಮಿಷದ ಬೆಳಕು.

ಒಂದೊಂದು ಫೋಟೋ ರವಾ ಚೆಲ್ಲಿದಂಗ ಕಾಳು ಕಾಳು ಇತ್ತು. ಆ ಕಾಳು ಪ್ರತಿ ಫೋಟೋದಾಗೂ ಬ್ಯಾರೆ ಕಡೆ ಬೀಳತಾವ, ನೆಬ್ಯುಲಾದ ಬೆಳಕು ಮಾತ್ರ ತನ್ನ ಜಾಗದಾಗೇ ಇರತದ. ಚುಕ್ಕಿಗಿ ಚುಕ್ಕಿ ಕೂಡಿಸಿ ಸರಾಸರಿ ತೆಗೆದರ ಕಾಳು ಅಡಗಿ ಬೆಳಕು ಉಳೀತದ. ಇದಕ್ಕ ಡೀಪ್‌ಸ್ಕೈಸ್ಟ್ಯಾಕರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಅದ. ನಾವು ವಾರದ ಕೆನಿ ಕೂಡಿಸಿ ಬೆಣ್ಣಿ ತೆಗೆಯೂದಿಲ್ಲೇನು? ಬೆಣ್ಣಿ ನಾವು ಹಾಕಿದ್ದಲ್ಲ, ಹಾಲಿನಾಗೇ ಇತ್ತು. ಆ ಕೆಂಪೂ ಹಂಗೇ, ಜಲಜನಕದ ಬೆಳಕು. ಮಂದ ಬೆಳಕಿನಾಗ ನಮ್ಮ ಕಣ್ಣಿಗಿ ಬಣ್ಣ ತಿಳಿಯಲ್ಲ. ಮಗಳು ಬಣ್ಣ ಎದ್ದು ಕಾಣೂ ಹಂಗ ಮಾಡ್ಯಾಳ, ಖರೆ. ಆದರ ಇಲ್ಲದ್ದು ಹಚ್ಚಿಲ್ಲ.

ಈಗ ಇನ್ನೊಂದು ಫೋಟೋದ ಮಾತು. ವರನ ಕಡೆಯವರಿಗಿ ಕಳಿಸಲಾಕ ಇದೇ ಮಗಳ ಫೋಟೋ ತೆಗೆಸಿದ್ದೆ. ಸ್ಟುಡಿಯೋದವರು ಕೇಳದೇನೇ ಆಕಿನ್ನ ಹಾಲಿನಂಗ ಬೆಳ್ಳಗ ಮಾಡಿ, ಗಲ್ಲದ ಮ್ಯಾಲಿನ ಮಚ್ಚಿ ಅಳಿಸಿ ಕೊಟ್ಟರು. ಇದೇ ವೈನಿ "ಎಷ್ಟು ಛಂದ ಬಂದದ" ಅಂದಿದ್ದರು. ನಾನೂ ಸುಮ್ಮನ ಎರಡು ಮನಿಗಿ ಕಳಿಸಿದೆ. "ಅವ್ವಾ, ಇದು ಯಾರ ಫೋಟೋ?" ಅಂತ ಮಗಳು ಕೇಳಿದಳು. ಉತ್ತರ ಹೊಳೀಲಿಲ್ಲ.

ಮಸುಕಾಗಿ ಇದ್ದದ್ದನ್ನ ಕಾಣಿಸೂದು ಸುಳ್ಳಲ್ಲ, ಇದ್ದದ್ದನ್ನ ಅಳಿಸೂದು ಸುಳ್ಳು ಅಂತ ಈಗ ನನಗನಸತದ. ವೈನಿಗಿ ಮೊದಲು ನನಗೇ ಇದು ತಿಳೀಬೇಕಿತ್ತು. ಆ ಎರಡೂ ಮನಿಗಿ ಫೋನ್ ಮಾಡಿ, ಮಚ್ಚಿ ಇರೂ ಫೋಟೋ ಕಳಿಸೀನಿ. ಬಂದರ ಬರಲಿ, ಬಿಟ್ಟರ ಬಿಡಲಿ.

ಬರೂ ಎಳ್ಳ ಅಮಾಸಿಗಿ ನೀವೂ ಹೊಲದಾಗ ಒಂದು ತಾಸು ಎದ್ದಿರ್ರಿ. ಮೂರು ಚುಕ್ಕಿ ಕೆಳಗ ನೋಡ್ರಿ. ಬಣ್ಣ ಕಾಣಲ್ಲ, ಆದರ ಆ ಮಸುಕು ಬರೀ ಕಣ್ಣಿಗೂ ಕಾಣತದ.