ದಾದಿಯ ವಿದ್ಯೆ

ಮಗಳು ದಾದಿಯ ಶಿಕ್ಷಣಕ್ಕೆ ಹೋಗುವೆನೆಂದರೆ ನಮ್ಮ ಕೊಪ್ಪ, ಪಿರಿಯಾಪಟ್ಟಣ ಸೀಮೆಯ ತಾಯಿತಂದೆಗಳಲ್ಲಿ ಕೆಲವರು ಇಂದಿಗೂ ಹಿಂದೆಗೆಯುವುದುಂಟು. ಕನಿಕರವೊಂದಿದ್ದರೆ ಸಾಕಾಗುವ ಕೆಲಸಕ್ಕೆ ಇಷ್ಟು ಓದಿಸಬೇಕೇ ಎಂಬುದು ಅವರ ಆಕ್ಷೇಪಣೆ. ಈ ಅಭಿಪ್ರಾಯವು ಸರಿಯಲ್ಲವೆಂಬುದಕ್ಕೆ ಸೈನ್ಯದ ದಾದಿಯೊಬ್ಬರ ಜೀವಿತವನ್ನು ನಿದರ್ಶನವಾಗಿ ಮುಂದಿಡುತ್ತೇವೆ.

1942ನೆಯ ಇಸವಿ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ವಶವಾಗಿ, ನಮ್ಮ ದೇಶದ ಸಾವಿರಾರು ಸಿಪಾಯಿಗಳೂ ಸೆರೆಸಿಕ್ಕಿದರು. ಅದಕ್ಕೆ ಮೂರು ದಿನಗಳ ಮುಂಚೆ ಆಸ್ಟ್ರೇಲಿಯಾ ಸೈನ್ಯದ 65 ಮಂದಿ ದಾದಿಯರು 'ವೈನರ್ ಬ್ರೂಕ್' ಎಂಬ ಹಡಗಿನಲ್ಲಿ ಅಲ್ಲಿಂದ ಹೊರಟಿದ್ದರು. 14ರಂದು ಬಾಂಬು ಬಿದ್ದು ಹಡಗು ಮುಳುಗಿತು. 12 ಮಂದಿ ಕಡಲಿನ ಪಾಲಾದರು. ಬಾಂಕಾ ದ್ವೀಪದ ದಡ ಸೇರಿದ 22 ಮಂದಿ ದಾದಿಯರು ಗಾಯಾಳುಗಳನ್ನು ಬಿಟ್ಟು ಹೋಗಲೊಲ್ಲದೆ ಅಲ್ಲಿಯೇ ನಿಂತರು. 16ರಂದು ಜಪಾನೀ ಸೈನಿಕರು ಅವರನ್ನು ನೀರಿಗಿಳಿಸಿ ಹಿಂದಿನಿಂದ ಗುಂಡು ಹಾರಿಸಿದರು. ಉಳಿದವರು 26 ವರ್ಷದ ವಿವಿಯನ್ ಬುಲ್‌ವಿಂಕೆಲ್ ಒಬ್ಬರೇ.

ಗುಂಡು ಪಕ್ಕೆಯನ್ನು ತೂರಿಹೋಗಿದ್ದರೂ ಆಕೆಯು ಕಾಡಿನಲ್ಲಿ ಗಾಯಗೊಂಡ ಸಿಪಾಯಿಯೊಬ್ಬನಿಗೆ ಸುಮಾರು 12 ದಿನ ಶುಶ್ರೂಷೆ ಮಾಡಿದರು. ಹಳ್ಳಿಯ ಹೆಂಗಸರು ಗುಟ್ಟಾಗಿ ಆಹಾರವಿತ್ತರು. ಬಳಿಕ ಶರಣಾಗಿ ಸೆರೆಶಿಬಿರವನ್ನು ಸೇರಿದರು. ಕೊಲೆಯನ್ನು ಕಂಡವರೆಂದು ತಿಳಿದರೆ ಪ್ರಾಣವುಳಿಯದಾದ್ದರಿಂದ, ಉಡುಪಿನಲ್ಲಿದ್ದ ಗುಂಡಿನ ತೂತನ್ನು ನೀರಿನ ಸೀಸೆಯಿಂದ ಮರೆಮಾಡಿದ್ದರು. ಮೂರೂವರೆ ವರ್ಷಕಾಲ ಆಕೆಯೂ ಉಳಿದ 31 ಮಂದಿ ದಾದಿಯರೂ ಹಸಿವು ರೋಗಗಳ ನಡುವೆ ಜೊತೆಯ ಸೆರೆಯಾಳುಗಳನ್ನು ನೋಡಿಕೊಂಡರು. 8 ಮಂದಿ ಅಲ್ಲಿಯೇ ತೀರಿಕೊಂಡರು. 24 ಮಂದಿ 1945ರಲ್ಲಿ ತಾಯ್ನಾಡಿಗೆ ಮರಳಿದರು. ವಿವಿಯನ್ನರು ಟೋಕಿಯೋ ನ್ಯಾಯಸ್ಥಾನದ ಮುಂದೆ ಆ ಕೊಲೆಯ ವಿಷಯವಾಗಿ ಸಾಕ್ಷ್ಯ ನುಡಿದರು. 2000ದಲ್ಲಿ ತೀರಿಕೊಂಡ ಅವರು, ಮೆಲ್ಬರ್ನಿನ ಫೇರ್‌ಫೀಲ್ಡ್ ಆಸ್ಪತ್ರೆಯ ದಾದಿಯರ ಮುಖ್ಯಸ್ಥೆಯಾಗಿದ್ದು, ದಾದಿಯರ ಶಿಕ್ಷಣವನ್ನು ಮೇಲೆತ್ತಲು ದುಡಿದರು.

ಕನಿಕರವೊಂದರಿಂದಲೇ ಇಷ್ಟು ಸಾಧ್ಯವಾಗುತ್ತಿತ್ತೇ? ಔಷಧವಿಲ್ಲದ ಕಡೆ ಗಾಯವನ್ನು ಶುಚಿಯಾಗಿಡುವುದು, ಜ್ವರದ ಏರಿಳಿತವನ್ನು ಗುರುತಿಸುವುದು, ಹಲವು ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ನಿಶ್ಚಯಿಸುವುದು, ಇವೆಲ್ಲ ಕಲಿತು ಬರುವ ವಿದ್ಯೆ. ಆಜ್ಞೆ ಕೊಡುವವರಿಲ್ಲದಾಗಲೂ ಕರ್ತವ್ಯವನ್ನು ಬಿಡದ ಧೈರ್ಯವು ಆ ಅಭ್ಯಾಸದಿಂದಲೇ ಬೆಳೆಯುವುದು. ಆದಕಾರಣ ದಾದಿಯನ್ನು ದೇವತೆಯೆಂದು ಹೊಗಳಿ, ಸಂಬಳದ ಮಾತು ಬಂದಾಗ ಸೇವೆಯೆಂದು ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ನಮ್ಮ ದೇಶದ ಸೈನ್ಯದಲ್ಲಿಯೂ ದಾದಿಯರಿಗೆ ಅಧಿಕಾರಿಗಳ ದರ್ಜೆಯುಂಟು. ಮನೆಯವರು ಅದಕ್ಕಿಂತ ಕಡಿಮೆಯಾದ ಗೌರವವನ್ನು ತೋರಬಾರದು.

ತಾಯಿತಂದೆಗಳೇ, ಮಗಳಿಗೆ ಮನಸ್ಸಿದ್ದರೆ ಅಡ್ಡಿಮಾಡಬೇಡಿರಿ. ಮದುವೆಯ ಅವಸರದಲ್ಲಿ ಅವಳ ಓದನ್ನು ಅರ್ಧಕ್ಕೆ ನಿಲ್ಲಿಸಬೇಡಿರಿ. ದಾದಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಊರಿಗೆ ಬಂದಾಗ ತಮ್ಮ ಕೆಲಸವು ಎಂಥದೆಂದು ನೆರೆಹೊರೆಯ ತಾಯಂದಿರಿಗೆ ವಿವರಿಸಿ ಹೇಳಬೇಕೆಂದು ಕೋರುತ್ತೇವೆ.