ಜರ್ಮನ್ ಕಲಿಯಲು ಇಂಗ್ಲಿಷ್ ಟೋಲ್ ಯಾಕೆ ಕಟ್ಟಬೇಕು?

ನಾಗಮಂಗಲದಿಂದ ಪಾಂಡವಪುರಕ್ಕೆ ಬರುವ ಬಸ್ಸಿನಲ್ಲಿ ಒಬ್ಬಳು ಹುಡುಗಿ ನೋಟ್‌ಬುಕ್ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ನರ್ಸಿಂಗ್ ಮುಗಿಸಿದ್ದಾಳೆ, ಜರ್ಮನಿಗೆ ಹೋಗುವ ಆಸೆ. ಆವತ್ತಿನ ಪಾಠ ‘ಮಾಧ್ಯಮ ಮತ್ತು ತಂತ್ರಜ್ಞಾನ’. “ರುಂಟ್‌ಫುಂಕ್ ಅಂದ್ರೆ ಬ್ರಾಡ್‌ಕಾಸ್ಟಿಂಗ್, ರುಂಟ್‌ಫುಂಕ್ ಅಂದ್ರೆ ಬ್ರಾಡ್‌ಕಾಸ್ಟಿಂಗ್” ಎಂದು ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ನಮ್ಮವರೊಬ್ಬರು ಕೇಳಿದರು: “ಬ್ರಾಡ್‌ಕಾಸ್ಟಿಂಗ್ ಅಂದ್ರೆ ಏನವ್ವಾ?”

“ಗೊತ್ತಿಲ್ಲ ಕಣಕ್ಕ. ಲಿಸ್ಟಲ್ಲಿ ಹಂಗೇ ಐತೆ.”

ಅವಳಿಗೆ ರೇಡಿಯೊ ಗೊತ್ತು, ಆಕಾಶವಾಣಿ ಗೊತ್ತು, ಪ್ರಸಾರ ಎಂದರೆ ಏನೆಂದೂ ಗೊತ್ತು. ಆದರೂ ಗೊತ್ತಿಲ್ಲದ ಜರ್ಮನ್ ಪದವನ್ನು ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ಗಂಟು ಹಾಕಿಕೊಂಡು ಕೂತಿದ್ದಾಳೆ. ಇದು ಅವಳ ದಡ್ಡತನವಲ್ಲ, ಅವಳಿಗೆ ಕಲಿಸುತ್ತಿರುವ ಕ್ರಮದ ದಡ್ಡತನ. ನಮ್ಮ ಜಗಳ ಆ ಕ್ರಮದ ಜೊತೆ.

ಜರ್ಮನ್ ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಎ1, ಎ2, ಬಿ1 ದಾಟಿದ ಮೇಲಿನ ನಾಲ್ಕನೇ ಮೆಟ್ಟಿಲು ಅದು. ನಮ್ಮ ನಾಲ್ಕು ತಾಲ್ಲೂಕಿನ ಮಕ್ಕಳು ಆ ಮೆಟ್ಟಿಲು ಹತ್ತಲಿ. ಆದರೆ ಒಡವೆ ಅಡ ಇಟ್ಟು ಫೀಸು ಕಟ್ಟಿದ ಮಗಳು ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿದಾಗ “ನಿನ್ನ ಇಂಗ್ಲಿಷ್ ವೀಕು” ಎಂದು ಮನೆಗೆ ಕಳಿಸುವುದು ಯಾವ ನ್ಯಾಯ? ಅವಳು ಹೋಗಿದ್ದು ಜರ್ಮನ್ ಕಲಿಯಲು. ಜರ್ಮನ್ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಲ್ಲವೂ ಜರ್ಮನ್‌ನಲ್ಲೇ. ಇಂಗ್ಲಿಷ್ ಪ್ರಶ್ನೆ ಒಂದೂ ಇರುವುದಿಲ್ಲ. ಹಾಗಿದ್ದ ಮೇಲೆ ನಡುವೆ ಈ ಇಂಗ್ಲಿಷ್ ಟೋಲ್ ಯಾಕೆ? ಗಣಂಗೂರಿನಲ್ಲಿ ಟೋಲ್ ಕಟ್ಟಿದರೆ ಹೈವೇಯಾದರೂ ಸಿಗುತ್ತದೆ. ಇಲ್ಲಿ ಟೋಲ್ ಕಟ್ಟಿಸಿಕೊಂಡು ಸುತ್ತುದಾರಿಗೆ ಬಿಡುತ್ತಿದ್ದಾರೆ.

ಆ ಹುಡುಗಿಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಟಿವಿ ನೋಡುವುದಕ್ಕೆ ಜರ್ಮನ್‌ನಲ್ಲಿ ‘ಫೆರ್ನ್‌ಜ಼ೇಯೆನ್’. ಫೆರ್ನ್ ಎಂದರೆ ದೂರ, ಜ಼ೇಯೆನ್ ಎಂದರೆ ನೋಡು. ದೂರದರ್ಶನ! ಪತ್ರಿಕೆಯ ಒಂದು ಬಗೆ ‘ತ್ಸೈಟ್‌ಶ್ರಿಫ್ಟ್’. ತ್ಸೈಟ್ ಎಂದರೆ ಕಾಲ, ಶ್ರಿಫ್ಟ್ ಎಂದರೆ ಬರಹ. ನಮ್ಮ ‘ನಿಯತಕಾಲಿಕ’ದಲ್ಲೂ ಕಾಲವೇ ಕೂತಿದೆ. ಜಾತ್ರೆಯಲ್ಲಿ ಕಟ್ಟುವ ಲೌಡ್‌ಸ್ಪೀಕರ್ ‘ಲೌಟ್‌ಶ್ಪ್ರೆಶರ್’, ಅಂದರೆ ಜೋರಾಗಿ ಮಾತಾಡುವವನು. ನೆಟ್‌ವರ್ಕ್‌ಗೆ ‘ನೆಟ್ಸ್’, ಅಂದರೆ ಬಲೆ. ನಾವೂ ಜಾಲ ಎನ್ನುತ್ತೇವಲ್ಲ. ಡೌನ್‌ಲೋಡ್‌ಗೆ ‘ಹೆರುಂಟರ್‌ಲಾಡೆನ್’. ಹೆರುಂಟರ್ ಎಂದರೆ ಕೆಳಕ್ಕೆ, ಲಾಡೆನ್ ಎಂದರೆ ಗಾಡಿಗೆ ಕಬ್ಬು ಹೇರುತ್ತೇವಲ್ಲ, ಆ ಹೇರುವುದು.

ಎಲ್ಲಕ್ಕಿಂತ ಚೆಂದದ್ದು ‘ಶ್ಪೈಶರ್’. ಫೋನಿನ ಮೆಮೊರಿಗೆ ಜರ್ಮನ್ನರು ಹೇಳುವ ಪದ ಇದು. ಮೂಲದಲ್ಲಿ ಶ್ಪೈಶರ್ ಎಂದರೆ ಕಣಜ, ಕಾಳು ತುಂಬಿಡುವ ಜಾಗ. ಫೋಟೊ ‘ಸೇವ್’ ಮಾಡುವುದಕ್ಕೆ ‘ಶ್ಪೈಶರ್ನ್’ ಎನ್ನುತ್ತಾರೆ, ಅಂದರೆ ಕಣಜಕ್ಕೆ ತುಂಬುವುದು. ರಾಗಿ ಕಣಜ ಕಂಡ ಕೆ.ಆರ್. ಪೇಟೆಯ ಹುಡುಗನಿಗೆ ಈ ಪದವನ್ನು ಒಂದು ಸಲ ಹೀಗೆ ಹೇಳಿದರೆ ಸಾಯುವತನಕ ಮರೆಯುವುದಿಲ್ಲ. ‘ಸ್ಟೋರೇಜ್’ ಎಂದು ಪಟ್ಟಿಯಲ್ಲಿ ಬರೆದುಕೊಟ್ಟರೆ ಸೋಮವಾರದ ಟೆಸ್ಟಿಗೆ ಉಳಿಯುತ್ತದೆ, ಮಂಗಳವಾರಕ್ಕೆ ಮಾಯ.

ಹೊಸ ಯಂತ್ರ ಬಂದಾಗ ಜರ್ಮನ್ನರು ತಮ್ಮ ಮನೆಯ ಪದಗಳನ್ನೇ ಜೋಡಿಸಿ ಹೆಸರಿಟ್ಟರು. ಈ ಕೆಲಸ ನಮಗೂ ಹೊಸದಲ್ಲ. 1935ರಲ್ಲಿ ಪಕ್ಕದ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ತಂತ್ರಜ್ಞಾನದ ಮಾತಿಗೆ ಕನ್ನಡ ಸಾಲದು ಎನ್ನುವವರು ಶ್ರೀರಂಗಪಟ್ಟಣದಿಂದ ಸ್ವಲ್ಪ ದೂರ ಹೋಗಿ ಈ ಕಥೆ ಕೇಳಿಕೊಂಡು ಬರಲಿ.

ವ್ಯಾಕರಣದ ಮಾತು ಬಂದರೆ ಇನ್ನೂ ಸಿಟ್ಟು ಬರುತ್ತದೆ. ಜರ್ಮನ್‌ನ ಜೋಡುಪದದಲ್ಲಿ ಕೊನೆಯ ಪದವೇ ಯಜಮಾನ, ಲಿಂಗವೂ ಅದರದ್ದೇ. ‘ಬಿಲ್ಟ್’ (ಚಿತ್ರ) ನಪುಂಸಕ, ‘ಶಿರ್ಮ್’ (ಮರೆ) ಪುಲ್ಲಿಂಗ. ಎರಡೂ ಸೇರಿ ಫೋನಿನ ಪರದೆ ‘ಬಿಲ್ಟ್‌ಶಿರ್ಮ್’ ಆದಾಗ ಅದು ಪುಲ್ಲಿಂಗ. ಉತ್ತರಪದದ ಅರ್ಥ ಪ್ರಧಾನವಾದರೆ ತತ್ಪುರುಷ ಸಮಾಸ ಎಂದು ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಅರಸನ ಮನೆ ಅರಮನೆ ಎಂದು! ‘ಮೀರ್ ಇಸ್ಟ್ ಕಲ್ಟ್’ ಎಂದರೆ ‘ನನಗೆ ಚಳಿ’. ಇಂಗ್ಲಿಷಿನಲ್ಲಿ ಅದು ‘ಐ ಆಮ್ ಕೋಲ್ಡ್’, ಅಲ್ಲಿ ‘ನನಗೆ’ ಇಲ್ಲ. ಕನ್ನಡದ ಚತುರ್ಥಿ ವಿಭಕ್ತಿ ನೆನಪಿಸಿದರೆ ಒಂದು ನಿಮಿಷದಲ್ಲಿ ಮುಗಿಯುವ ಪಾಠವನ್ನು ಇಂಗ್ಲಿಷಿನಲ್ಲಿ ಒಂದು ವಾರ ಎಳೆಯುತ್ತಾರೆ. ಜರ್ಮನ್‌ನಲ್ಲಿ ಹುಡುಗಿಗೆ ‘ಮೇಟ್‌ಶೆನ್’, ಅದು ನಪುಂಸಕ ಲಿಂಗ. ಪೇಟೆಯ ಮಕ್ಕಳು ಇದಕ್ಕೆ ನಗುತ್ತಾರೆ. ‘ಹೆಣ್ಣು ಬಂತು’ ಎಂದು ಮಾತಾಡುವ ನಮ್ಮ ಹಳ್ಳಿಯವರಿಗೆ ಇದರಲ್ಲಿ ವಿಚಿತ್ರವೇನಿದೆ?

ಎಲ್ಲವೂ ಹೀಗೆ ಸಲೀಸು ಎಂದು ಸುಳ್ಳು ಹೇಳುವುದಿಲ್ಲ. ಬಲ್ಬು, ಬಾಗಿಲು, ಮೇಜಿಗೆಲ್ಲ ಗಂಡು ಹೆಣ್ಣು ಎಂದು ಲಿಂಗ ಹಚ್ಚುವುದು ಕನ್ನಡದಲ್ಲಿಲ್ಲ. ಅದನ್ನು ಬಾಯಿಪಾಠ ಮಾಡಲೇಬೇಕು. ಕೆಲವು ಸ್ವರಗಳು ನಮ್ಮ ಅಕ್ಷರಕ್ಕೆ ಸಿಗುವುದಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಕಷ್ಟಪಡಬೇಕಾದ ಕಡೆ ಪಡೋಣ, ಬೇಡದ ಕಡೆ ಯಾಕೆ?

“ಟೆಕ್ನಾಲಜಿ ಪದಗಳೆಲ್ಲ ಹೇಗೂ ಇಂಗ್ಲಿಷ್ ತಾನೆ?” ಎಂದು ಕೇಳುವವರಿದ್ದಾರೆ. ಕಂಪ್ಯೂಟರ್, ಇಂಟರ್ನೆಟ್, ಆ್ಯಪ್, ಲ್ಯಾಪ್‌ಟಾಪ್ ಜರ್ಮನ್‌ನಲ್ಲೂ ಅವೇ, ನಿಜ. ಆ ಪದಗಳು ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತು, ಅವಕ್ಕೆ ಪಾಠ ಬೇಕಿಲ್ಲ. ಪಾಠ ಬೇಕಿರುವುದು ಉಳಿದವಕ್ಕೆ, ಆ ಉಳಿದವು ಅಚ್ಚ ಜರ್ಮನ್. “ಟೀಚರಿಗೆ ಕನ್ನಡ ಬರುವುದಿಲ್ಲ” ಎನ್ನುವುದು ಇನ್ನೊಂದು ನೆಪ. ಪಾಠವಿಡೀ ಜರ್ಮನ್‌ನಲ್ಲೇ ನಡೆದರೆ ನಮ್ಮ ತಕರಾರಿಲ್ಲ. ಅರ್ಥ ಬಿಡಿಸಿ ಹೇಳಬೇಕಾದಾಗ ಯಾವ ಭಾಷೆಗೆ ಹೋಗುತ್ತೀರಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಪತ್ರಿಕೋದ್ಯಮ ಓದಿದ ನಾವು ಒಂದು ಮಾತು ನೆನಪಿಸಲೇಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಅದನ್ನು ಹೊರತಂದವರು ಹರ್ಮನ್ ಮೋಗ್ಲಿಂಗ್, ಜರ್ಮನಿಯಿಂದ ಬಂದ ಪಾದ್ರಿ. ನಾವು ಪತ್ರಿಕಾ ದಿನ ಆಚರಿಸುವುದು ಆ ತಾರೀಖಿಗೇ. ಆ ಜರ್ಮನ್ ಮನುಷ್ಯ “ಮೊದಲು ಇಂಗ್ಲಿಷ್ ಕಲಿತು ಬನ್ನಿ, ಆಮೇಲೆ ಸುದ್ದಿ ಕೊಡುತ್ತೇನೆ” ಎನ್ನಲಿಲ್ಲ. ತಾನೇ ಕನ್ನಡ ಕಲಿತು, ಕಲ್ಲಚ್ಚಿನಲ್ಲಿ ಕನ್ನಡ ಮೂಡಿಸಿ, ಓದುಗರ ಬಳಿಗೆ ಬಂದ. ಇನ್ನೊಬ್ಬ ಜರ್ಮನ್ ಕಿಟ್ಟೆಲ್ 1894ರಲ್ಲಿ ಕೊಟ್ಟ ನಿಘಂಟು ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಕೊಡುತ್ತದೆ, ಸರಿ. ಆಗ ಆಳುತ್ತಿದ್ದವರು ಇಂಗ್ಲಿಷರು. ಈಗ ಯಾರು ಆಳುತ್ತಿದ್ದಾರೆ ಅಂತ ನಾವು ಅದೇ ದಾರಿ ಹಿಡಿದಿದ್ದೇವೆ?

ಫೀಸು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ವ್ಯಾಕರಣವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೀರಾ? ಪದಪಟ್ಟಿಯಲ್ಲಿ ಕನ್ನಡ ಅರ್ಥದ ಕಾಲಂ ಇದೆಯಾ? ಒಂದು ಪಾಠ ಕೂತು ನೋಡಿ ಆಮೇಲೆ ದುಡ್ಡು ಕೊಡಬಹುದಾ? ಮೂರಕ್ಕೂ ಇಲ್ಲ ಎಂದರೆ ಎದ್ದು ಬನ್ನಿ. ಡಾಯ್ಚ ವೆಲೆ ಎಂಬ ಜರ್ಮನ್ ಪ್ರಸಾರ ಸಂಸ್ಥೆಯ ಪಾಠಗಳು ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ, ಅಲ್ಲಿಂದ ಶುರು ಮಾಡಿ. ನಾಲ್ಕು ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಂಜೆ ಹೊತ್ತು ಕನ್ನಡದ ಮೂಲಕ ಜರ್ಮನ್ ಕಲಿಸಲಿ ಎಂದು ಪೋಷಕರ ಸಭೆಯಲ್ಲಿ ಕೇಳಿ, ಶಾಸಕರು ಸಿಕ್ಕಲ್ಲಿ ಕೇಳಿ.

ಆ ಹುಡುಗಿ ಪಾಂಡವಪುರದಲ್ಲಿ ಇಳಿಯುವ ಮುಂಚೆ ನಮ್ಮವರು ‘ಶ್ಪೈಶರ್’ ಅಂದರೆ ಕಣಜ ಎಂದು ಹೇಳಿಕೊಟ್ಟರು. ಅವಳು ಪಟ್ಟಿಯಲ್ಲಿದ್ದ ಇಂಗ್ಲಿಷ್ ಪದ ಹೊಡೆದುಹಾಕಿ ಪಕ್ಕದಲ್ಲಿ ‘ಕಣಜ’ ಎಂದು ಬರೆದುಕೊಂಡಳು. ಆಮೇಲೆ ಕೇಳಿದಳು: “ಇನ್ನೂ ಇಂಥವು ಅವಾ ಅಕ್ಕ?”

ಇವೆ ಕಣವ್ವಾ, ಬೇಕಾದಷ್ಟಿವೆ. ಹೇಳಿಕೊಡುವವರು ಬೇಕು ಅಷ್ಟೆ.