ನಿಯಮ ಕಲಿಸದೆ ಮಕ್ಕಳನ್ನು ಚೆಸ್‌ಗೆ ಕಳಿಸಬೇಡಿ

ಚೇಳೂರು ಕಡೆ ಮಕ್ಕಳಿಗೆ ಚೆಸ್ ತಲೆಗೆ ಹತ್ತಲ್ಲ ಅನ್ನೋ ಮಾತನ್ನು ನಾವು ಒಪ್ಪಲ್ಲ. ಕಲ್ಲುಚಪ್ಪಡಿ ಮೇಲೆ ಗೆರೆ ಎಳೆದು ಆಡು-ಹುಲಿ ಆಡಿದವರ ಮೊಮ್ಮಕ್ಕಳು ಇವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ದಾರಿಗಳನ್ನು ಕಟ್ಟಿದ್ದು ಇದೇ ಸೀಮೆಯಲ್ಲಿ. ಕೊರತೆ ಇರೋದು ಹೇಳಿಕೊಡುವವರದ್ದು.

ಅರಳಿಕಟ್ಟೆಯಲ್ಲಿ ಹಳೇ ಕ್ರಮದಲ್ಲಿ ಕಲಿತವರು ಪದಾತಿಯನ್ನು ಮೊದಲ ಸಲವೂ ಒಂದೇ ಮನೆ ನಡೆಸುತ್ತಾರೆ. ಸ್ಪರ್ಧೆಯಲ್ಲಿ ಎದುರಿನ ಹುಡುಗ ಎರಡು ಮನೆ ಇಡುತ್ತಾನೆ. ಅದು ಮೋಸವಲ್ಲ, ನಿಯಮ. ರಾಜ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುವ ಕ್ಯಾಸ್ಲಿಂಗ್ ಕೂಡ ನಿಯಮವೇ. ಆದರೆ ಅವೆರಡೂ ಅಲ್ಲಿವರೆಗೆ ಕದಲಿರಬಾರದು, ನಡುವೆ ಕಾಯಿ ಇರಬಾರದು, ರಾಜ ಚೆಕ್‌ನಲ್ಲಿರಬಾರದು, ಚೆಕ್ ಬೀಳುವ ಮನೆ ದಾಟಲೂಬಾರದು, ಅಲ್ಲಿ ನಿಲ್ಲಲೂಬಾರದು. ಮುಟ್ಟಿದ ಕಾಯಿಗೆ ನಡೆ ಇದ್ದರೆ ಅದನ್ನೇ ನಡೆಸಬೇಕು. ಇನ್ನು ಎದುರಾಳಿಗೆ ಒಂದು ನಡೆಯೂ ಉಳಿಸದೆ ‘ಗೆದ್ದೆ’ ಅಂತ ಕೈ ಎತ್ತಿದರೆ? ಚೆಕ್ ಕೊಡದಿದ್ದರೆ ಅದು ಡ್ರಾ. ಗೆಲ್ಲೋ ಆಟ ಕೈತಪ್ಪೋದು ಹೀಗೇ.

ಇಷ್ಟಕ್ಕೆ ತುಮಕೂರಿನ ಕೋಚಿಂಗ್ ಫೀಸು ಯಾಕೆ ಬೇಕು? ನಾಲ್ಕು ಆಟದ ಪೀರಿಯಡ್ಡು ಸಾಕು. ಸ್ಪರ್ಧೆಯ ಹಿಂದಿನ ದಿನ ‘ಯಾರಿಗ್ರೋ ಚೆಸ್ ಬರುತ್ತೆ?’ ಅಂತ ಕೈ ಎತ್ತಿಸಿ ಹೆಸರು ಬರೆದುಕೊಳ್ಳುವ ಮೇಷ್ಟ್ರುಗಳೇ, ಬೀರುವಿನಲ್ಲಿರೋ ಬೋರ್ಡನ್ನು ಜೂನ್‌ನಲ್ಲೇ ಹೊರಗೆ ತೆಗೀರಿ.